ಎರಡು ಬಕೆಟ್ ಗೊದಮೊಟ್ಟೆ

ಆಪರೇಷನ್ ಥಿಯೇಟರಿನಲ್ಲಿ ಮೂವತ್ನಾಲ್ಕು ವರ್ಷ ಸಿಸ್ಟರ್ ಮಾಡಿದ ಕೆಲಸಗಳಲ್ಲಿ ಮುಖ್ಯವಾದದ್ದು ಎಣಿಸುವುದು. ರೋಗಿಯ ಹೊಟ್ಟೆಯೊಳಗೆ ಹೋದ ಬಟ್ಟೆಯ ತುಂಡುಗಳೆಷ್ಟು, ಹೊರಗೆ ಬಂದವೆಷ್ಟು, ಸೂಜಿ ಎಷ್ಟು, ಇಕ್ಕಳ ಎಷ್ಟು. ಎರಡೂ ತಾಳೆಯಾಗಿ ಅವರು "ಸರಿಯಿದೆ" ಎನ್ನುವ ತನಕ ಎಂಥಾ ಸರ್ಜನ್ನನೂ ಹೊಲಿಗೆ ಹಾಕುವಂತಿರಲಿಲ್ಲ. ಒಮ್ಮೆ ಒಂದು ತುಂಡು ಕಡಿಮೆ ಬಂತು. "ನೀನೇ ತಪ್ಪು ಎಣಿಸಿರ್ತೀಯ, ದಾರ ಕೊಡು" ಎಂದು ಸರ್ಜನ್ ರೇಗಿದರು. ಸಿಸ್ಟರ್ ದಾರವನ್ನು ಬೆನ್ನ ಹಿಂದೆ ಹಿಡಿದು ನಿಂತುಬಿಟ್ಟರು. ಇಪ್ಪತ್ತು ನಿಮಿಷ ಹುಡುಕಿದ ಮೇಲೆ ತುಂಡು ಸಿಕ್ಕಿತು, ಸರ್ಜನ್ನರ ಚಪ್ಪಲಿಯ ಅಡಿಗೇ ಅಂಟಿಕೊಂಡು. ಆಮೇಲೆ ಆ ಆಸ್ಪತ್ರೆಯಲ್ಲಿ ಅವರ ಎಣಿಕೆಗೆ ಯಾರೂ ಎದುರಾಡಲಿಲ್ಲ.

ನಿವೃತ್ತಿಯಾದ ಮೇಲೂ ಬೀದಿಗೆಲ್ಲ ಅವರು ಸಿಸ್ಟರೇ. ಗಂಡ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ, ಕಿಟಕಿಯ ಪಕ್ಕಕ್ಕೆ ಮಿಷನ್ನು, ಗೋಡೆಯುದ್ದಕ್ಕೂ ಹ್ಯಾಂಗರುಗಳು. ಗಿರಾಕಿಗಳ ಎದುರಿಗೆ ಅವರೂ ಹೆಂಡತಿಯನ್ನು ಹಾಗೆಯೇ ಕರೆಯುತ್ತಿದ್ದರು. "ಕಟ್ಕೊಂಡ ಹೆಂಡ್ತೀನ ಸಿಸ್ಟರ್ ಅನ್ನೋ ಗಂಡ ಲೋಕದಲ್ಲಿ ನಾನೊಬ್ನೇ" ಎಂದು ಅವರು ಹೇಳಿದರೆ ಹೊಸ ಗಿರಾಕಿಗಳು ನಗುತ್ತಿದ್ದರು. ಹಳಬರು ಅಳತೆ ಕೊಟ್ಟು ಹೋಗುತ್ತಿದ್ದರು. ಮಕ್ಕಳಾಗಲಿಲ್ಲ. ಆ ನೋವು ಈಗ ಹಳೆಯದಾಗಿತ್ತು, ಇಬ್ಬರೂ ಅದರ ಮಾತೆತ್ತುತ್ತಿರಲಿಲ್ಲ.

ಕೈಗೆ ಕೆಲಸವಿಲ್ಲದ ಮೂರನೆಯ ತಿಂಗಳು ಸಿಸ್ಟರ್ ಬಚ್ಚಲುಮನೆಯ ಟೈಲ್ಸು ಎಣಿಸುತ್ತ ನಿಂತದ್ದನ್ನು ಗಂಡ ಕಂಡರು. ಅದೇ ವಾರ ಗ್ರಂಥಾಲಯದ ಬೋರ್ಡಿನಲ್ಲಿ ಒಂದು ಚೀಟಿ ಕಂಡಿತು: ಊರಂಚಿನ ಕಾಡಿನಲ್ಲಿ ಕಪ್ಪೆ, ಹಾವು, ಹಲ್ಲಿಗಳನ್ನು ಎಣಿಸಲು ಸ್ವಯಂಸೇವಕರು ಬೇಕು. 'ಎಣಿಸಲು' ಎಂಬ ಪದ ಸಿಸ್ಟರ್ ಕಣ್ಣಿಗೆ ಕಚ್ಚಿಕೊಂಡಿತು.

"ಕಪ್ಪೆ ಹಿಡಿದು ತಕ್ಕಡಿಗೆ ಹಾಕೋಕಾಗಲ್ಲ ಅಂತಾರೆ, ನೀನು ಅವನ್ನ ಎಣಿಸೋಕೆ ಹೊರಟ್ಯಾ?" ಎಂದರು ಟೈಲರ್.

"ಹಿಡಿಯೋ ಹಾಗಿಲ್ಲವಂತೆ ಕಣ್ರೀ. ನೋಡಿ ಬರೆಯೋದು ಅಷ್ಟೇ."

ಆ ಕೆಲಸ ನಡೆಸುತ್ತಿದ್ದವಳು ವಿಶ್ವವಿದ್ಯಾಲಯದ ಒಬ್ಬ ಸಂಶೋಧಕಿ. ಮೂವತ್ತರ ಆಸುಪಾಸು, ಮಾತು ಕಡಿಮೆ, ಕನ್ನಡಕದ ಒಂದು ಕಾಲಿಗೆ ಟೇಪು ಸುತ್ತಿರುತ್ತಿತ್ತು. ಕಾಡಿನ ದಾರಿಯುದ್ದಕ್ಕೂ ಅವಳು ನಲವತ್ತು ಹಲಗೆಗಳನ್ನು ನೆಲದ ಮೇಲೆ ಮಲಗಿಸಿ ಪ್ರತಿಯೊಂದಕ್ಕೂ ನಂಬರು ಬರೆದಿದ್ದಳು. ತಂಪಿಗೆ ಬಂದ ಹಾವು, ಹಾವುರಾಣಿ, ಕಪ್ಪೆ ಅದರಡಿ ಸೇರಿಕೊಳ್ಳುತ್ತವೆ. ಪ್ರತಿ ಭಾನುವಾರ ಬೆಳಿಗ್ಗೆ ಹೋಗಿ ಹಲಗೆಯ ಆಚೆ ಅಂಚನ್ನು ತನ್ನ ಕಡೆಗೆ ಎತ್ತಬೇಕು. ಹಾಗೆ ಎತ್ತಿದರೆ ಹಾವು ಆ ಕಡೆಗೆ ಹರಿಯುತ್ತದೆ, ಕಾಲಿನ ಕಡೆಗಲ್ಲ. ಇದ್ದದ್ದನ್ನು ಬರೆದುಕೊಂಡು ಹಲಗೆಯನ್ನು ಹೂವಿನಂತೆ ಮತ್ತೆ ಇಡಬೇಕು. ದಾರಿಯ ಕೆಳತುದಿಯಲ್ಲಿ ಹಳೆಯ ಕಲ್ಲುಕ್ವಾರಿಯ ಹೊಂಡ, ಮೇಲುತುದಿಯಲ್ಲಿ ಒರತೆಯ ಕೊಳ. ಎರಡು ಕಡೆಯೂ ಹತ್ತು ನಿಮಿಷ ನಿಂತು, ಕಂಡ ಕಪ್ಪೆ ಎಷ್ಟು, ಕೂಗಿದ ಕಪ್ಪೆ ಎಷ್ಟು ಎಂದು ಬರೆಯಬೇಕು.

ಸಿಸ್ಟರ್‌ಗೆ ಜೊತೆಯಾದವರು ನಿವೃತ್ತ ಪೋಸ್ಟ್‌ಮಾಸ್ಟರು. ಹಾವೆಂದರೆ ಅವರಿಗೆ ಪ್ರಾಣವೇ ಹೋಗುತ್ತಿತ್ತು, ಆದರೆ ಅಕ್ಷರ ಮುತ್ತು ಪೋಣಿಸಿದಂತೆ. ಸಿಸ್ಟರ್ ಹಲಗೆ ಎತ್ತುವುದು, ಅವರು ನಾಲ್ಕು ಮಾರು ದೂರ ನಿಂತು ಬರೆಯುವುದು. "ಏನಿದೆ ಹೇಳಿ, ತೋರಿಸ್ಬೇಡಿ" ಎನ್ನುತ್ತಿದ್ದರು. ಐದು ವರ್ಷ ಒಂದು ಭಾನುವಾರವೂ ಅವರಿಬ್ಬರು ತಪ್ಪಿಸಲಿಲ್ಲ.

ನಿಯಮಗಳು ಎರಡೇ. ಒಂದು, ಪ್ರತಿ ನೀರಿನ ಜಾಗಕ್ಕೆ ಇಳಿಯುವ ಮುಂಚೆ, ಹತ್ತಿದ ಮೇಲೆ, ಬೂಟು ಕೈ ಎರಡನ್ನೂ ಬ್ಲೀಚಿಂಗ್ ಪೌಡರಿನ ನೀರಲ್ಲಿ ತೊಳೆಯಬೇಕು. ಎರಡು, ಒಂದು ಜಾಗದ ಪ್ರಾಣಿಯನ್ನಾಗಲಿ ನೀರನ್ನಾಗಲಿ ಇನ್ನೊಂದು ಜಾಗಕ್ಕೆ ಒಯ್ಯಕೂಡದು. ಹೊಸದಾಗಿ ಸೇರಿದವರಿಗೆ ಇವನ್ನು ಹೇಳಿಕೊಡುವ ಕೆಲಸವನ್ನು ಸಂಶೋಧಕಿ ಸಿಸ್ಟರ್‌ಗೇ ಒಪ್ಪಿಸಿದ್ದಳು. ಸೋಂಕು ಹೇಗೆ ಹರಡುತ್ತದೆ ಎನ್ನುವುದನ್ನು ಅವರಿಗಿಂತ ಚೆನ್ನಾಗಿ ಹೇಳಬಲ್ಲವರು ಯಾರಿದ್ದರು?

ಮೇಲಿನ ಕೊಳದಲ್ಲಿ ಒಂದು ಪುಟ್ಟ ಕಪ್ಪೆಯಿತ್ತು. ತುಕ್ಕಿನ ಬಣ್ಣ, ಹೊಟ್ಟೆಯ ಮೇಲೆ ಹಾಲು ಚೆಲ್ಲಿದಂಥ ಚುಕ್ಕೆ. ಎಷ್ಟು ದೊಡ್ಡದು ಎಂದು ಗಂಡ ಕೇಳಿದಾಗ ಸಿಸ್ಟರ್ ಅಂಗಡಿಯ ಡಬ್ಬಿಯಿಂದ ಕೋಟಿನ ಬಟನ್ ಒಂದನ್ನು ಎತ್ತಿ ತೋರಿಸಿದರು. ಅಂದಿನಿಂದ ಅದು ಬಟನ್‌ಕಪ್ಪೆಯಾಯಿತು. ತಂಡದವರೆಲ್ಲ ಹಾಗೆಯೇ ಕರೆದರು. ಅದರ ಶಾಸ್ತ್ರೀಯ ಹೆಸರು ಸಂಶೋಧಕಿಯೊಬ್ಬಳ ನಾಲಿಗೆಗೆ ಮಾತ್ರ ಹೊರಳುತ್ತಿತ್ತು. ತುಂತುರು ಮಳೆಯ ಬೆಳಿಗ್ಗೆಗಳಲ್ಲಿ ಅವು ಹಗಲಲ್ಲೇ ಕೂಗುತ್ತಿದ್ದವು. ಮೊದಲ ವರ್ಷ ಸಿಸ್ಟರ್ ಎಣಿಸಿದ್ದು ನೂರ ಹದಿನಾಲ್ಕು. ಹುಡುಕಿದಷ್ಟು ಜಾಗದಲ್ಲಿ ಅವು ಇದ್ದದ್ದು ಆ ಕೊಳದಲ್ಲಿ ಮತ್ತು ಅದರಿಂದ ಹರಿಯುವ ಒಂದು ಸಣ್ಣ ತೊರೆಯಲ್ಲಿ ಮಾತ್ರ.

ಆರನೆಯ ವರ್ಷದ ಬೇಸಿಗೆ ಕೆಟ್ಟದಾಗಿ ಬಂತು. ಅದಕ್ಕೆ ಮುಂಚೆ ಅಕಾಲದಲ್ಲಿ ಎರಡು ಜೋರು ಮಳೆ ಬಿದ್ದು, ಅದನ್ನೇ ನಂಬಿ ಕ್ವಾರಿಯ ದೊಡ್ಡ ಕಪ್ಪೆಗಳು ಮೊಟ್ಟೆ ಇಟ್ಟುಬಿಟ್ಟಿದ್ದವು. ಒಂದು ಭಾನುವಾರ ಇಬ್ಬರೂ ಹೊಂಡಕ್ಕೆ ಬಂದಾಗ ನೀರು ಒಂದು ಬೆಡ್‌ಶೀಟ್ ಹಾಸಿದಷ್ಟು ಉಳಿದಿತ್ತು. ಅದರೊಳಗೆ ಗೊದಮೊಟ್ಟೆಗಳು ಕಪ್ಪಗೆ, ಒಂದರ ಮೇಲೊಂದು ಮುಗುಚಿಕೊಳ್ಳುತ್ತ ಕುದಿಯುವಂತೆ ಕಾಣುತ್ತಿದ್ದವು. ದಡದಲ್ಲಿ ಕಾಗೆಗಳು ಸಾಲಾಗಿ ಕೂತು, ಅವಸರವೇ ಇಲ್ಲದೆ ಕುಕ್ಕುತ್ತಿದ್ದವು.

"ಬರ್ಕೊಂಡೆ. ನೀರು ಬತ್ತಿದೆ, ಗೊದಮೊಟ್ಟೆ ಲೆಕ್ಕಕ್ಕೆ ಸಿಗದಷ್ಟು. ನಡೀರಿ ಸಿಸ್ಟರ್," ಎಂದರು ಪೋಸ್ಟ್‌ಮಾಸ್ಟರು.

ಸಿಸ್ಟರ್ ಅಲ್ಲಾಡಲಿಲ್ಲ. "ನಾಳೆ ಸಂಜೆಗೆ ಇವೆಲ್ಲ ಸತ್ತಿರ್ತಾವೆ, ಪೋಸ್ಟ್‌ಮಾಸ್ಟ್ರೇ."

"ಪ್ರಕೃತಿ. ನಾವೇನು ಮಾಡೋಕಾಗತ್ತೆ?"

"ಚಾರ್ಟ್ ಬರ್ದು ರೋಗೀನ ಬಿಟ್ಟು ಹೋಗು ಅಂತೀರಲ್ಲ! ಒಂದೇ ಒಂದು ದಿನಾನೂ ನಾನು ಹಾಗೆ ಮಾಡಿದೋಳಲ್ಲ."

ಪೋಸ್ಟ್‌ಮಾಸ್ಟರೂ ಕಲ್ಲಿನ ಮನುಷ್ಯರಲ್ಲ. ತಮ್ಮ ಸ್ಕೂಟರಿನಲ್ಲಿ ಸಿಸ್ಟರನ್ನು ಮನೆಗೆ ಕರೆದೊಯ್ದರು. ಬಚ್ಚಲಿನ ಎರಡು ಬಕೆಟ್, ಒಂದು ಚೊಂಬು ತಂದರು. ಬಕೆಟ್ ತುಂಬಿಸಿಕೊಂಡು ಬಿಸಿಲೇರುತ್ತಿದ್ದ ಏರುದಾರಿಯಲ್ಲಿ ಮುಕ್ಕಾಲು ಗಂಟೆ ನಡೆದರು, ನಡುನಡುವೆ ನಿಂತು ಕೈ ಬದಲಿಸುತ್ತ. ಒರತೆಯ ಕೊಳದ ತಣ್ಣನೆಯ ನೀರಿಗೆ ಸಿಸ್ಟರ್ ಬಕೆಟನ್ನು ನಿಧಾನವಾಗಿ ಬಗ್ಗಿಸಿದರು. ಗೊದಮೊಟ್ಟೆಗಳು ಒಂದು ಕ್ಷಣ ಮೋಡದಂತೆ ನಿಂತು, ಆಮೇಲೆ ಕಲ್ಲುಗಳ ಸಂದಿಗೆ ಚೆದುರಿಹೋದವು. ನಿವೃತ್ತಿಯಾದ ಮೇಲೆ ಅಷ್ಟು ಹಗುರವಾದ ದಿನವನ್ನು ಸಿಸ್ಟರ್ ಕಂಡಿರಲಿಲ್ಲ. ಮೇಲೆ ಬಂದು ಇಬ್ಬರೂ ಬೂಟುಗಳನ್ನು ಬ್ಲೀಚಿಂಗ್ ನೀರಿನಲ್ಲಿ ಮರೆಯದೆ ತೊಳೆದರು.

"ಇದನ್ನ ಬರೀಲಾ?" ಎಂದು ಪೋಸ್ಟ್‌ಮಾಸ್ಟರು ಪೆನ್ನು ತೆಗೆದರು.

"ಬೇಡ ಬಿಡಿ. ಆ ಹುಡುಗಿ ಸುಮ್ನೆ ತಲೆ ಕೆಡಿಸ್ಕೋತಾಳೆ."

ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಬಟನ್‌ಕಪ್ಪೆಗಳ ಎಣಿಕೆ ತೊಂಬತ್ತಕ್ಕೆ ಇಳಿಯಿತು, ಆಮೇಲೆ ನಲವತ್ತೊಂದಕ್ಕೆ. ಬಿಸಿಲು ಹೆಚ್ಚಾಗಿತ್ತಲ್ಲ, ಮುಂದಿನ ವರ್ಷ ಸರಿಹೋಗುತ್ತದೆ ಎಂದುಕೊಂಡರು. ಮುಂದಿನ ವರ್ಷ ಮೊದಲ ತುಂತುರಿಗೆ ಕೊಳಕ್ಕೆ ಹೋದಾಗ ಕಪ್ಪೆಗಳು ಬಯಲಿನ ಕಲ್ಲುಗಳ ಮೇಲೆ ಕಾಲು ಚಾಚಿಕೊಂಡು ಕೂತಿದ್ದವು. ಸಿಸ್ಟರ್ ಹತ್ತಿರ ಬಗ್ಗಿದರೂ ಒಂದೂ ನೆಗೆಯಲಿಲ್ಲ. ಒಂದರ ಬೆನ್ನ ಮೇಲಿನ ಚರ್ಮ ಈರುಳ್ಳಿ ಸಿಪ್ಪೆಯಂತೆ ಎದ್ದಿತ್ತು. ಹುಲ್ಲುಕಡ್ಡಿಯಿಂದ ಮೆಲ್ಲಗೆ ಮಗುಚಿದರೆ ಅದು ಹಾಗೆಯೇ ಅಂಗಾತ ಬಿದ್ದಿತು. ಸರಿಯಾಗಿ ತಿರುಗಿಕೊಳ್ಳಲು ಅದರಿಂದಾಗಲಿಲ್ಲ. ಉಸಿರಾಡುತ್ತಿದ್ದರೂ ಆಗಲೇ ಹೊರಟುಹೋದಂಥ ಮೈಯನ್ನು ಸಿಸ್ಟರ್ ವಾರ್ಡುಗಳಲ್ಲಿ ಬೇಕಾದಷ್ಟು ನೋಡಿದ್ದರು.

"ಎಷ್ಟು ಬರೀಲಿ?" ಪೋಸ್ಟ್‌ಮಾಸ್ಟರು ಕೇಳಿದರು.

"ಬದುಕಿರೋದು ಇಪ್ಪತ್ತೇಳು. ಸತ್ತಿರೋದು... ತಡೀರಿ." ಸಿಸ್ಟರ್ ಕೊಳವನ್ನು ಎರಡು ಸುತ್ತು ಹಾಕಿದರು. "ಹದಿಮೂರು."

ಸಂಶೋಧಕಿ ಮರುದಿನವೇ ಬಂದಳು. ಕಡ್ಡಿಗೆ ಸುತ್ತಿದ ಹತ್ತಿಯನ್ನು ಕಪ್ಪೆಗಳ ಹೊಟ್ಟೆಗೆ, ತೊಡೆಗೆ ಸವರಿ ಸೀಸೆಗಳಲ್ಲಿ ಹಾಕಿಕೊಂಡಳು. ಕ್ವಾರಿಯ ದೊಡ್ಡ ಕಪ್ಪೆಗಳಿಂದಲೂ ಹಾಗೆಯೇ ತೆಗೆದುಕೊಂಡಳು. ಮೂರು ವಾರ ಬಿಟ್ಟು ಗ್ರಂಥಾಲಯದ ಮೇಲಿನ ಕೋಣೆಗೆ ಎಲ್ಲ ಸ್ವಯಂಸೇವಕರನ್ನೂ ಕರೆಸಿದಳು. ಹನ್ನೊಂದು ಜನ ಬಂದಿದ್ದರು. ಫ್ಯಾನು ಕಿರುಗುಟ್ಟುತ್ತಿತ್ತು.

"ಇದು ಚರ್ಮಕ್ಕೆ ಹತ್ತೋ ಒಂಥರಾ ಬೂಷ್ಟು," ಎಂದಳು. "ಕಪ್ಪೆ ನೀರು ಕುಡಿಯೋದು ಚರ್ಮದಿಂದ, ಉಸಿರಾಡೋದೂ ಅರ್ಧ ಚರ್ಮದಿಂದಾನೆ. ಅದು ಮುಚ್ಚಿಹೋದ್ರೆ ಹೃದಯ ನಿಲ್ಲತ್ತೆ. ಕೆಳಗಿನ ಕ್ವಾರಿ ಕಪ್ಪೆಗಳಲ್ಲೂ ಇದೇ ಬೂಷ್ಟು ಇದೆ, ಅವು ದೊಡ್ಡವು, ತಡ್ಕೋತಾವೆ. ಅವುಗಳ ಗೊದಮೊಟ್ಟೆಗಳ ಬಾಯಲ್ಲೂ ಇರತ್ತೆ, ಅವಕ್ಕೂ ಏನೂ ಆಗಲ್ಲ. ನನಗೆ ಅರ್ಥ ಆಗದೇ ಇರೋದು ಒಂದೇ. ಇದು ಮೇಲಿನ ಕೊಳಕ್ಕೆ ಹತ್ತಿದ್ದು ಹೇಗೆ? ನಡುವೆ ಒಣ ದಿಬ್ಬ ಇದೆ. ನೀರು ಮೇಲಕ್ಕೆ ಹರಿಯಲ್ಲ. ಯಾರೋ ಹೊತ್ಕೊಂಡು ಹೋಗಿರ್ಬೇಕು."

ಗೊದಮೊಟ್ಟೆ ಎಂಬ ಮಾತು ಕಿವಿಗೆ ಬಿದ್ದಾಗಲೇ ಸಿಸ್ಟರ್‌ಗೆ ಆ ಎರಡು ಬಕೆಟ್ ನೆನಪಾಗಿತ್ತು. ಎದುರಿನ ಸಾಲಿನಲ್ಲಿದ್ದ ಪೋಸ್ಟ್‌ಮಾಸ್ಟರ ಕಡೆ ನೋಡಿದರು. ಅವರು ಎದ್ದು ನಿಂತರು.

"ಹೋದ ವರ್ಷ ಆ ಕಾಲೇಜು ಮೇಷ್ಟ್ರು ಹುಡುಗ್ರನ್ನ ಕರ್ಕೊಂಡು ಬಂದಿದ್ರಲ್ಲ," ಎಂದರು ಪೋಸ್ಟ್‌ಮಾಸ್ಟರು. "ಬೂಟೂ ಇಲ್ಲ ಗೀಟೂ ಇಲ್ಲ, ಕ್ವಾರಿಯಿಂದ ನೇರ ಹೋಗಿ ಕೊಳಕ್ಕೆ ಇಳಿದಿದ್ರು. ನಾನೇ ಕಣ್ಣಾರೆ ನೋಡಿದೀನಿ."

ಕೋಣೆಯಲ್ಲಿ ಗುಜುಗುಜು ಎದ್ದಿತು. ಹೌದು ಹೌದು ಎಂದರು ನಾಲ್ಕು ಜನ. ಮೇಷ್ಟ್ರನ್ನೂ ಅವರ ಕಾಲೇಜನ್ನೂ ಕಾಡಿಗೆ ಬಿಡಕೂಡದೆಂದು ಅರಣ್ಯ ಕಚೇರಿಗೂ ಕಾಲೇಜಿನ ಪ್ರಿನ್ಸಿಪಾಲರಿಗೂ ಕಾಗದ ಬರೆಯುವುದೆಂದು ಅಲ್ಲೇ ತೀರ್ಮಾನವಾಯಿತು. ಸಿಸ್ಟರ್ ಎಲ್ಲರ ಜೊತೆ ಎದ್ದು ಮೆಟ್ಟಿಲಿಳಿದರು.

ಕೆಳಗೆ ಪೋಸ್ಟ್‌ಮಾಸ್ಟರು ಸ್ಕೂಟರ್ ಒರೆಸುತ್ತ ನಿಂತಿದ್ದರು.

"ಯಾಕ್ರೀ ಹಾಗಂದ್ರಿ?" ಎಂದು ಸಿಸ್ಟರ್ ಕೇಳಿದರು.

"ಹುಡುಗ್ರು ಇಳಿದಿದ್ದು ಸುಳ್ಳಾ? ಅವರಿಂದಾನೂ ಬಂದಿರಬಹುದು. ಯಾರು ನೋಡಿದಾರೆ?"

"ಬಕೆಟ್ ಹೊತ್ತಿದ್ದು ನಾವು."

"ಸಿಸ್ಟರ್, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋಬೇಡಿ. ಹೋಗಿದ್ದು ಹೋಯ್ತು. ನೀವು ಬಾಯಿ ಬಿಟ್ರೆ ಆ ಕಪ್ಪೆಗಳು ಎದ್ದು ಬರ್ತಾವಾ?" ಒರೆಸುವ ಬಟ್ಟೆಯನ್ನು ಅವರು ಮಡಚತೊಡಗಿದರು. "ಮೂವತ್ತೆಂಟು ವರ್ಷ ಸರ್ವೀಸು ನಂದು. ಒಂದು ಕಾಗದ ಕಳೆದಿಲ್ಲ. ಈ ವಯಸ್ಸಲ್ಲಿ ನನ್ನ ಹೆಸರಿಗೆ ಮಸಿ ಬಳೀಬೇಡಿ, ಕೈ ಮುಗೀತೀನಿ."

ಮೂರನೆಯ ದಿನ ಮಧ್ಯಾಹ್ನ, ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಸಿಸ್ಟರ್ ಗಂಡನ ಎದುರಿನ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಹೇಳಿದರು. ಟೈಲರ್ ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟುಕೊಂಡೇ ಕೇಳಿದರು.

"ನೀನು ಒಳ್ಳೇದಕ್ಕೆ ಅಂತಾನೇ ಮಾಡಿದ್ದಲ್ವಾ?"

"ಹ್ಞೂಂ."

"ಹಾಗಂತ ಹೇಳಿದ್ರೆ ಸಾಕಾಗತ್ತಾ?"

"ಸಾಕಾಗಲ್ಲ."

ಅವರು ಚಕ್ರದಿಂದ ಕೈ ತೆಗೆದರು. "ಆ ಮೇಷ್ಟ್ರ ಕಾಲೇಜಿಗೆ ಕಾಗದ ಮುಟ್ಟೋಕೆ ಮುಂಚೆ ಹೋಗು ಹಾಗಾದ್ರೆ. ನಾನೂ ಬರ್ಲಾ?"

"ಬೇಡ."

ಸಂಶೋಧಕಿಯ ಲ್ಯಾಬು ಒಂದು ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿತ್ತು; ಫಿನಾಯಿಲ್ ವಾಸನೆ, ಗೋಡೆಗೆ ತೇವ. ಅವಳು ಕಾಗದದ ಕರಡನ್ನೇ ಟೈಪ್ ಮಾಡುತ್ತ ಕೂತಿದ್ದಳು. ಸಿಸ್ಟರ್ ನಿಂತುಕೊಂಡೇ ಹೇಳಿದರು. ತಾರೀಕು, ಬೆಳಗಿನ ಹೊತ್ತು, ಎರಡು ಬಕೆಟ್, ಅಂದಾಜು ಆರುನೂರು ಗೊದಮೊಟ್ಟೆ.

ಸಂಶೋಧಕಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ಸಿಸ್ಟರ್, ನೀವು. ಬೇರೆಯವರಿಗೆಲ್ಲ ಹೇಳ್ಕೊಡ್ತಿದ್ದೋರು ನೀವು!"

"ಹೌದಮ್ಮ."

"ಹಾಳೇಲಿ ಯಾಕೆ ಬರೀಲಿಲ್ಲ? ಆಗಲೇ ಗೊತ್ತಾಗಿದ್ರೆ ಆ ವಾರಾನೇ ಬಂದು ಬಟನ್‌ಕಪ್ಪೆಗಳನ್ನ ಬೇರೆ ಕಡೆ ಎತ್ತಿಡ್ತಿದ್ದೆ. ಅರ್ಧವಾದ್ರೂ ಉಳೀತಿದ್ವು." ಅವಳು ಪೆನ್ನು ಎತ್ತಿಕೊಂಡಳು. "ನಿಮ್ಮ ಜೊತೆ ಇನ್ಯಾರಿದ್ರು?"

"ಬಕೆಟ್ ನಂದು, ಯೋಚನೆ ನಂದು, ಬರೀಬೇಡಿ ಅಂದಿದ್ದೂ ನಾನೇ. ನನ್ನೊಬ್ಬಳ ಹೆಸ್ರು ಬರ್ಕೋ."

ತಪ್ಪು ಒಪ್ಪಿಕೊಂಡರೆ ಮನಸ್ಸು ಹಗುರವಾಗುತ್ತದೆ ಎನ್ನುತ್ತಾರೆ. ಸಿಸ್ಟರ್‌ಗೆ ಹಾಗೇನೂ ಆಗಲಿಲ್ಲ. ಸಂಶೋಧಕಿ ಬೈಯಲಿಲ್ಲ, ಕ್ಷಮಿಸಲೂ ಇಲ್ಲ. ಮೇಷ್ಟ್ರ ಕಾಗದವನ್ನು ಹರಿದು ಬುಟ್ಟಿಗೆ ಹಾಕಿ, "ಇನ್ಮೇಲೆ ನೀವು ಕಾಡಿಗೆ ಬರೋದು ಬೇಡ" ಎಂದಳು. ಎರಡು ಜಾಗದ ಬೂಷ್ಟೂ ಒಂದೇ ತಳಿಯದೆಂದು ಆಮೇಲೆ ಬಂದ ವರದಿಯೂ ಹೇಳಿತು. ಅದು ಕ್ವಾರಿಯಿಂದಲೇ ಬಂದದ್ದೆಂಬುದರಲ್ಲಿ ಅನುಮಾನ ಉಳಿಯಲಿಲ್ಲ. ಪೋಸ್ಟ್‌ಮಾಸ್ಟರು ಒಂದು ಸಂಜೆ ಫೋನ್ ಮಾಡಿ, "ನನ್ನ ಹೆಸರು ಹೇಳಿದ್ರಾ?" ಎಂದರು. "ಇಲ್ಲ" ಎಂದರು ಸಿಸ್ಟರ್. ಆ ಕಡೆ ಉಸಿರು ಬಿಟ್ಟ ಸದ್ದು ಕೇಳಿ ಫೋನು ಕಟ್ಟಾಯಿತು. ಅವರೂ ಎಣಿಕೆಗೆ ಹೋಗುವುದನ್ನು ನಿಲ್ಲಿಸಿದರು. ಆಮೇಲೆ ದಾರಿಯಲ್ಲಿ ಎದುರಾದರೆ ಅವರೇ ರಸ್ತೆ ದಾಟಿ ಆ ಬದಿಗೆ ಹೋಗುತ್ತಿದ್ದರು.

ಇಪ್ಪತ್ತೈದು ದಿನಗಳಾದ ಮೇಲೆ ಸಂಶೋಧಕಿ ಟೈಲರ್ ಅಂಗಡಿಯ ಬಾಗಿಲಲ್ಲಿ ಬಂದು ನಿಂತಳು. ಕೊಳದಲ್ಲಿ, ತೊರೆಯಲ್ಲಿ ಉಳಿದಿದ್ದ ಇಪ್ಪತ್ತಮೂರು ಬಟನ್‌ಕಪ್ಪೆಗಳನ್ನು ಹಿಡಿದು ಲ್ಯಾಬಿನಲ್ಲಿಟ್ಟಿದ್ದಳು. ಬೂಷ್ಟಿಗೆ ಔಷಧಿಯಿತ್ತು. ಪ್ರತಿಯೊಂದಕ್ಕೂ ದಿನಾ ಐದು ನಿಮಿಷ ಔಷಧಿ ನೀರಿನ ಸ್ನಾನ, ಹೀಗೆ ಹತ್ತು ದಿನ. ಆದರೆ ಎರಡೇ ದಿನದಲ್ಲಿ ಸಹಾಯಕರ ಕೈಯಲ್ಲಿ ನಾಲ್ಕು ಸತ್ತಿದ್ದವು.

"ನಿಮ್ಮ ಮೇಲಿನ ಕೋಪ ಇನ್ನೂ ಹೋಗಿಲ್ಲ ಸಿಸ್ಟರ್," ಎಂದಳು. "ಆದ್ರೆ ನನಗೆ ನಿಮ್ಮ ಕೈ ಬೇಕು."

ಸಿಸ್ಟರ್ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹೊರಟರು. ಹತ್ತೊಂಬತ್ತು ಡಬ್ಬಿ, ಹತ್ತೊಂಬತ್ತು ಜೊತೆ ಕೈಗವಸು. ಒಂದನ್ನು ಮುಟ್ಟಿದ ಗವಸು ಇನ್ನೊಂದನ್ನು ಮುಟ್ಟಬಾರದು. ಬಟನ್ನಿನಷ್ಟಿರುವ ಜೀವವನ್ನು ಹಿಡಿದೂ ಹಿಡಿಯದಂತೆ ಎತ್ತಿ ಔಷಧಿ ನೀರಿಗೆ ಬಿಟ್ಟು, ಗಡಿಯಾರ ನೋಡಿ, ಮತ್ತೆ ಹಸಿ ಬಟ್ಟೆಯ ಹಾಸಿಗೆಗೆ ಸೇರಿಸಬೇಕು. ಇಬ್ಬರ ನಡುವೆ ಕೆಲಸದ ಮಾತಲ್ಲದೆ ಬೇರೆ ಮಾತಿರಲಿಲ್ಲ. ಮೂರನೆಯ ದಿನ ಐದು ಸತ್ತವು, ಐದನೆಯ ದಿನ ನಾಲ್ಕು. ಸತ್ತವನ್ನು ಸಿಸ್ಟರ್ ಸೀಸೆಗೆ ಹಾಕಿ ತಾರೀಕು ಬರೆದಿಟ್ಟರು. ಎಂಟನೆಯ ದಿನ ಮೂರು. ಹತ್ತು ದಿನ ಮುಗಿದಾಗ ಏಳು ಉಳಿದಿದ್ದವು, ಏಳೂ ಗಟ್ಟಿಮುಟ್ಟು. ಹತ್ತಿ ಸವರಿ ಪರೀಕ್ಷಿಸಿದರೆ ಬೂಷ್ಟಿನ ಸುಳಿವಿರಲಿಲ್ಲ. ಸಂಶೋಧಕಿ ಮೊದಲ ಸಲ ಸಿಸ್ಟರ್‌ಗೆ ಟೀ ತರಿಸಿದಳು.

ಆ ಟೀ ಆರುವಷ್ಟು ಹೊತ್ತೂ ಸಂತೋಷ ನಿಲ್ಲಲಿಲ್ಲ ಎನ್ನಬೇಕು. ಮೈ ತುಂಬಿಕೊಂಡ ಕಪ್ಪೆಗಳು ಮುಂದಿನ ವಾರ ಕೂಗತೊಡಗಿದವು. ಮೊದಲು ಒಂದು, ಆಮೇಲೆ ಮೂರು. ಸಂಶೋಧಕಿ ಒಂದೊಂದೇ ಡಬ್ಬಿಗೆ ಕಿವಿಕೊಟ್ಟು ಗುರುತು ಹಾಕುತ್ತ ಬಂದಳು. ನಾಲ್ಕನೆಯ ದಿನ ಏಳನೆಯ ಡಬ್ಬಿಯೂ ಕೂಗಿದಾಗ ಅವಳು ಲ್ಯಾಬಿನ ನೆಲದ ಮೇಲೆ ಕೂತುಬಿಟ್ಟಳು.

"ಏನಾಯ್ತಮ್ಮ?"

"ಕೂಗೋದು ಗಂಡು ಮಾತ್ರ ಸಿಸ್ಟರ್. ಏಳೂ ಗಂಡೇ."

ಒಂದು ಹೆಣ್ಣಿಗಾಗಿ ಅವಳು ಎರಡು ಮಳೆಗಾಲ ಆ ತೊರೆಯನ್ನೂ, ಅದರಾಚೆಯ ಮೂರು ಕಣಿವೆಗಳನ್ನೂ ಜಾಲಾಡಿದಳು. ಮೊದಲ ಮಳೆಗಾಲ ಒಬ್ಬಳೇ ಹೋದಳು. ಎರಡನೆಯದಕ್ಕೆ ಸಿಸ್ಟರನ್ನು ಜೊತೆಗೆ ಕರೆದಳು. ಯಾಕೆಂದು ಹೇಳಲಿಲ್ಲ, ಸಿಸ್ಟರೂ ಕೇಳಲಿಲ್ಲ. ಆ ವರ್ಷದಿಂದ ಹೊಸಬರಿಗೆ ನಿಯಮ ಹೇಳಿಕೊಡುವ ಕೆಲಸವೂ ಮತ್ತೆ ಸಿಸ್ಟರ್‌ಗೇ ಬಂತು. ಜಿಗಣೆ ಕಚ್ಚಿ ಕಾಲು ಊದಿಸಿಕೊಂಡು ಬಂದ ಹೆಂಡತಿಗೆ ಟೈಲರ್ ಬಿಸಿನೀರು ಕಾಯಿಸಿಕೊಟ್ಟರು, ತಮಾಷೆಯ ಮಾತಾಡಲಿಲ್ಲ. ಹೆಣ್ಣು ಸಿಗಲಿಲ್ಲ. ಅಷ್ಟರಲ್ಲಿ ಕೊಳದ ಬದಿಯ ಹಲಗೆಗಳ ಅಡಿ ಸಿಗುತ್ತಿದ್ದ ನೀರುಹಾವುಗಳೂ ಹಗ್ಗದಂತೆ ಬಡಕಲಾಗಿ, ಆಮೇಲೆ ಕಾಣದಾದವು. ತಿನ್ನಲು ಕಪ್ಪೆಯಿಲ್ಲದ ಮೇಲೆ ಹಾವು ಎಲ್ಲಿಂದ ಬರಬೇಕು.

ಡಬ್ಬಿಗಳಲ್ಲಿದ್ದ ಏಳು ಗಂಡುಗಳು ಪ್ರತಿ ಮಳೆಗಾಲವೂ ಕೂಗಿದವು. ವಯಸ್ಸಾಗಿ ಒಂದೊಂದೇ ಸತ್ತವು. ಕೊನೆಯದು ಸತ್ತಾಗ ಸಿಸ್ಟರ್‌ಗೆ ಅರವತ್ತೊಂಬತ್ತು. ಸಂಶೋಧಕಿಯ ಫೋನ್ ಬಂದಾಗ ಅವರು ಅಂಗಡಿಯಲ್ಲಿ ಗಂಡನಿಗೆ ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದರು. ಟೈಲರ ಕಣ್ಣು ಮಂಜಾಗಿತ್ತು.

"ಹೋಯ್ತಂತೆ," ಎಂದರು ಫೋನಿಟ್ಟು.

"ಅದೇನಾ ಕಡೇದು?"

"ಹ್ಞೂಂ. ನಮಗೆ ಗೊತ್ತಿರೋ ಮಟ್ಟಿಗೆ, ಲೋಕಕ್ಕೇ ಕಡೇದು."

ಟೈಲರ್ ಮಿಷನ್ ತುಳಿಯಲು ಹೋಗಿ ನಿಲ್ಲಿಸಿದರು. "ಈ ಭಾನುವಾರ ಹೋಗ್ತೀಯಾ?"

"ಹೊಸಬರು ಐದು ಜನ ಬರ್ತಿದಾರೆ. ನಾನೇ ಹೇಳ್ಕೊಡ್ಬೇಕು."

ಭಾನುವಾರ ಕಾಡಿನ ಗೇಟಿನ ಬಳಿ ಆ ಐವರನ್ನು ಸಾಲಾಗಿ ನಿಲ್ಲಿಸಿ, ಸಿಸ್ಟರ್ ಎರಡು ನಿಯಮ ಹೇಳಿದರು. ಆಮೇಲೆ ಎರಡು ಬಕೆಟಿನ ಕಥೆ ಹೇಳಿದರು, ತಾರೀಕಿನ ಸಮೇತ, "ಯಾರೋ ಒಬ್ಬರು" ಎನ್ನದೆ "ನಾನು" ಎಂದು. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬಾಕೆ ಕೇಳುತ್ತಲೇ ಒಂದು ಹೆಜ್ಜೆ ಹಿಂದೆ ಸರಿದಳು. ಅದನ್ನು ಸಿಸ್ಟರ್ ನೋಡಿದರು. ಹೊಸಬರು ಬಂದಾಗಲೆಲ್ಲ ಯಾರಾದರೂ ಒಬ್ಬರು ಹಾಗೆ ಸರಿಯುತ್ತಿದ್ದರು.

ಮಂಡಿನೋವಿನ ಕಾಲಲ್ಲಿ ನಿಧಾನವಾಗಿ ಏರಿ ಕೊಳ ಮುಟ್ಟಿದಾಗ ತುಂತುರು ಹನಿಯುತ್ತಿತ್ತು. ಹತ್ತು ನಿಮಿಷ ಯಾರೂ ಮಾತಾಡಬಾರದೆಂದು ಹೇಳಿ ಗಡಿಯಾರ ನೋಡಿದರು. ನೀರು ಕಲ್ಲಿನ ಮೇಲೆ ಹರಿಯುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

"ಏನು ಬರೀಲಿ ಸಿಸ್ಟರ್?" ಎಂದಳು ಬ್ಯಾಂಕಿನಾಕೆ.

"ಸೊನ್ನೆ ಬರಿ. ಅಕ್ಷರದಲ್ಲಿ ಬಿಡಿಸಿ ಬರಿ, ಗೀಟು ಹಾಕ್ಬೇಡ," ಎಂದು ಸಿಸ್ಟರ್ ಬೂಟು ತೊಳೆದುಕೊಂಡು, ಮುಂದಿನ ಹಲಗೆಯ ಕಡೆ ನಡೆದರು.